ಎರಡು ಕಂಬಗಳ ನಡುವಿನ ಬಾಗಿಲು

ರೈಲು ತನ್ನಷ್ಟಕ್ಕೆ ತಾನೇ ನಿಲ್ಲುತ್ತದೆ ಎಂದು ನಂಬಿಕೊಂಡಿರುವ ಸಜ್ಜನರು ಲೋಕದಲ್ಲಿ ಬಹಳ ಮಂದಿ ಇದ್ದಾರೆ. ನನ್ನ ಹೆಂಡತಿಯೂ ಬಹುಕಾಲ ಆ ಪಂಗಡದವಳೇ. ಮದುವೆಯಾದ ಹೊಸತರಲ್ಲಿ ಒಂದು ದಿನ ಮೀನು ಸಾರು ಬಡಿಸುತ್ತಾ, "ಹಳಿ ಉಂಟು, ಸ್ಟೇಷನ್ ಉಂಟು, ತಿರುಗಿಸ್ಲಿಕ್ಕೆ ಒಂದು ಸ್ಟೀರಿಂಗ್ ಕೂಡ ಇಲ್ಲ. ಮತ್ತೆ ನಿಮಗೆ ಅಲ್ಲಿ ಎಂತ ಕೆಲಸ?" ಎಂದು ಕೇಳಿದ್ದಳು. ನಾನು ಉತ್ತರ ಕೊಡಲಿಲ್ಲ. ವೃತ್ತಿಯ ಘನತೆಯನ್ನು ಕಾಪಾಡಲು ಮೌನವೇ ಸೂಕ್ತವೆಂದು ಆಗ ನನಗೆ ತೋರಿತ್ತು. ಜೊತೆಗೆ ಬಾಯಲ್ಲಿ ಮುಳ್ಳೂ ಇತ್ತು.

ಊರಿನ ಕಡೆ ಕೆಲಸ ಕಲಿತ ನಾನು ಸೌದಿಗೆ ಬಂದು, ರಿಯಾದಿಗೂ ದಮ್ಮಾಮಿಗೂ ನಡುವೆ ಪ್ರಯಾಣಿಕರ ಗಾಡಿ ಓಡಿಸುತ್ತಾ ತಲೆ ನರೆಸಿಕೊಂಡೆ. ಕಂಪನಿ ಕೊಟ್ಟ ಮನೆ ದಮ್ಮಾಮಿನಲ್ಲಿ. ಹೆಂಡತಿ ನರ್ಸು; ಅವಳ ಆಸ್ಪತ್ರೆ ಇರುವುದು ದಾರಿಯ ನಡುವೆ, ಖರ್ಜೂರದ ತೋಟಗಳಿರುವ ಒಂದು ಊರಿನಲ್ಲಿ. ಹೀಗಾಗಿ ನಮ್ಮದು ಎರಡು ಮನೆ, ಎರಡು ಅಕ್ಕಿ ಡಬ್ಬಿ, ಎರಡು ಇಸ್ತ್ರಿಪೆಟ್ಟಿಗೆಯ ಸಂಸಾರ. ನಾನು ಅವಳ ಊರಿನ ಮೂಲಕ ವಾರಕ್ಕೆ ಹಲವು ಸಲ ಹಾದುಹೋಗುತ್ತಿದ್ದೆ. ಗಾಡಿ ಅಲ್ಲಿ ನಿಲ್ಲುವುದು ಒಂದು ಲೋಟ ಚಹಾ ಆರುವಷ್ಟು ಹೊತ್ತು. ಸ್ಟೇಷನ್ನಿನ ಕಾಂಪೌಂಡಿನಾಚೆ ಎಲ್ಲೋ ಅವಳು ಯಾರಿಗೋ ಇಂಜೆಕ್ಷನ್ ಚುಚ್ಚುತ್ತಿರುತ್ತಾಳೆ ಎಂಬ ತಿಳಿವಳಿಕೆಯಷ್ಟೇ ನನ್ನ ಪಾಲಿನ ದಾಂಪತ್ಯಸುಖ. ರಜೆಯ ದಿನ ಮಾತ್ರ ಪ್ರಯಾಣಿಕನಾಗಿ ಹೋಗಿ ಇಳಿಯುತ್ತಿದ್ದೆ.

ಇನ್ನೇನು ನನ್ನ ನಿವೃತ್ತಿ ಹತ್ತಿರ ಬಂತು, ಊರಿಗೆ ಹೋದ ಮೇಲಾದರೂ ಒಂದೇ ಸೂರಿನಡಿ ಇರುತ್ತೇವೆ ಎಂದುಕೊಳ್ಳುವಾಗ ಅವಳು ಬಾತ್‌ರೂಮಿನಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡಳು. ಆಪರೇಷನ್ ಆಯಿತು. ಚೆನ್ನಾಗಿಯೇ ಆಯಿತು. ಕೆಲವು ತಿಂಗಳು ಗಾಲಿಕುರ್ಚಿ, ಆಮೇಲೆ ಕೋಲು, ಆಮೇಲೆ ದೇವರು ಇಟ್ಟಂತೆ ಎಂದರು. ರಜೆಯ ಮೇಲಿದ್ದ ಅವಳನ್ನು ದಮ್ಮಾಮಿನ ಮನೆಗೆ ಕರೆದುಕೊಂಡು ಹೋಗುತ್ತೇನೆ ಎಂದು ನಾನು ಘೋಷಿಸಿದೆ. ಬಿಸಿನೀರು ಕಾಯಿಸಿ ಕೊಡಬಲ್ಲೆ, ಗಂಜಿ ಬೇಯಿಸಬಲ್ಲೆ. ಅದಕ್ಕಿಂತ ಹೆಚ್ಚಾಗಿ, ಇಷ್ಟು ವರ್ಷಗಳ ನಂತರ ನಾವು ಒಂದೇ ಮನೆಯಲ್ಲಿ ಕೂತು ಜಗಳವಾಡಬಹುದು.

ಆದರೆ ಕರೆದೊಯ್ಯುವುದು ಹೇಗೆ? ನನಗೆ ಕಾರು ಓಡಿಸಲು ಬಾರದು. ನೂರಾರು ಜನರನ್ನು ಹೊತ್ತು ಮರುಭೂಮಿ ದಾಟಿಸಲು ಅಧಿಕೃತ ಪರವಾನಗಿ ಇರುವ ಮನುಷ್ಯ ಒಂದು ಪುಟ್ಟ ಕಾರಿನ ಮುಂದೆ ನಿಂತು ಕೈಕಟ್ಟುತ್ತಾನೆ. ಏನು ಮಾಡಲಿ, ನನಗೆ ತಿರುಗಿಸಿ ಅಭ್ಯಾಸವಿಲ್ಲ. ಟ್ಯಾಕ್ಸಿಯಲ್ಲಿ ಅಷ್ಟು ದೂರ ಸೊಂಟ ಮಡಚಿ ಕೂರಬಾರದು ಎಂದು ಡಾಕ್ಟರು ಹೇಳಿದರು. ರೈಲೇ ಸರಿ. ಚಾಲಕನ ಕೋಣೆಯ ಹಿಂದಿನ ಮೊದಲ ಬೋಗಿಯಲ್ಲಿ ಅಗಲವಾದ ಬಾಗಿಲಿದೆ, ಕುರ್ಚಿಗೆ ಜಾಗವಿದೆ.

ಇಲ್ಲಿ ನನ್ನ ವಿದ್ಯೆಯ ಬಗ್ಗೆ ಎರಡು ಮಾತು ಹೇಳದೆ ವಿಧಿಯಿಲ್ಲ.

ಗಾಡಿ ಎಲ್ಲಿ ನಿಲ್ಲಬೇಕೆಂದು ಸೂಚಿಸಲು ಪ್ಲಾಟ್‌ಫಾರ್ಮಿನ ತುದಿಯಲ್ಲಿ ಒಂದು ಫಲಕ ಇರುತ್ತದೆ. ಚಾಲಕನ ಕಿಟಕಿ ಆ ಫಲಕದ ನೇರಕ್ಕೆ ಬಂದು ನಿಂತರೆ ಹಿಂದಿನ ಬಾಗಿಲುಗಳೆಲ್ಲ ತಂತಮ್ಮ ಜಾಗಕ್ಕೆ ಬಂದಿರುತ್ತವೆ. ಹೇಳಲು ಇಷ್ಟೇ. ಆದರೆ ರೈಲು ಬ್ರೇಕು ಹಾಕಿದಲ್ಲಿ ನಿಲ್ಲುವ ಪ್ರಾಣಿಯಲ್ಲ. ಮೊದಲ ಖರ್ಜೂರದ ತೋಟ ಕಣ್ಣಿಗೆ ಬೀಳುವಾಗಲೇ ಬ್ರೇಕಿನ ಹಿಡಿತ ಶುರುವಾಗಬೇಕು. ಹಿಡಿಯನ್ನು ಎಳೆದ ಮೇಲೆ ಗಾಳಿಯ ಒತ್ತಡ ಕೊನೆಯ ಬೋಗಿಯ ತನಕ ಹೋಗಿ ಚಕ್ರಗಳನ್ನು ಅಪ್ಪಿಕೊಳ್ಳಲು ತನ್ನದೇ ಹೊತ್ತು ತೆಗೆದುಕೊಳ್ಳುತ್ತದೆ. ಗುರುವಾರ ಸಂಜೆ ವಾರದ ರಜೆಗೆ ಹೊರಟ ಜನರಿಂದ ಗಾಡಿ ಭಾರ. ಮರುದಿನ ಬೆಳಿಗ್ಗೆ ಅದೇ ಗಾಡಿ ಹಗುರ. ಚಳಿಗಾಲದ ಇಬ್ಬನಿಗೆ ಹಳಿ ಒದ್ದೆ, ಬೇಸಿಗೆಯ ಗಾಳಿಗೆ ಹಳಿಯ ಮೇಲೆ ಮರಳಿನ ಹಿಟ್ಟು. ಇದನ್ನೆಲ್ಲ ಅಂಗೈಯಲ್ಲೇ ಅಂದಾಜು ಮಾಡಬೇಕು. ಕೊನೆಯಲ್ಲಿ, ಗಾಡಿ ಇನ್ನೇನು ನಿಲ್ಲುತ್ತದೆ ಎನ್ನುವ ಗಳಿಗೆಗೆ ಸ್ವಲ್ಪ ಮುಂಚೆ, ಹಿಡಿತವನ್ನು ಸಡಿಲಿಸಬೇಕು. ಸಡಿಲಿಸದಿದ್ದರೆ ಗಾಡಿ ಗಕ್ಕನೆ ನಿಂತು, ಬ್ಯಾಗು ಇಳಿಸಲು ಎದ್ದು ನಿಂತ ಮಹನೀಯರು ಎದುರಿನವರ ಮಡಿಲಲ್ಲಿ ಆಸೀನರಾಗುತ್ತಾರೆ.

ಫಲಕಕ್ಕೆ ಮೊದಲೇ ನಿಂತರೆ ಮೆಲ್ಲಗೆ ಮುಂದೆ ಎಳೆದುಕೊಳ್ಳಬಹುದು. ಅದು ಸಣ್ಣ ನಾಚಿಕೆ. ದಾಟಿ ಹೋದರೆ ಹಿಂದೆ ಬರುವಂತಿಲ್ಲ. ಹಿಂದೆ ಬರಲು ಅನುಮತಿ ಬೇಕು, ಅನುಮತಿ ಬರುವಷ್ಟರಲ್ಲಿ ಹೊರಡುವ ಹೊತ್ತು ಮೀರುತ್ತದೆ. ಅದು ದೊಡ್ಡ ನಾಚಿಕೆ.

ಇದರ ಮೊದಲ ಪಾಠ ನನಗೆ ಸಿಕ್ಕಿದ್ದು ರೈಲಿನಲ್ಲಲ್ಲ. ನನ್ನ ಅಪ್ಪ ಊರಿನ ಹೊಳೆಯ ಕಡವಿನಲ್ಲಿ ದೋಣಿ ದಾಟಿಸುತ್ತಿದ್ದ. ದಡ ಇನ್ನೂ ದೂರ ಇರುವಾಗಲೇ ಬಿದಿರಿನ ಗಳವನ್ನು ನೀರಿನಿಂದೆತ್ತಿ ಅಡ್ಡಕ್ಕಿಟ್ಟು ಬೀಡಿ ಹಚ್ಚುತ್ತಿದ್ದ. ಹೊಸಬರು ಗಾಬರಿಯಾಗುತ್ತಿದ್ದರು. ದೋಣಿ ತನ್ನ ಪಾಡಿಗೆ ಹೋಗಿ ಕಡವಿನ ಕಲ್ಲಿಗೆ ಮೂಗು ತಾಗಿಸಿ ನಿಲ್ಲುತ್ತಿತ್ತು. ಬೀಡಿ ಅಷ್ಟರಲ್ಲಿ ಅರ್ಧ ಆಗಿರುತ್ತಿತ್ತು. ನಾನು ಬೀಡಿ ಬಿಟ್ಟು ಉಳಿದದ್ದನ್ನು ಕಲಿತೆ.

ಅವಳನ್ನು ಕರೆದೊಯ್ಯುವ ದಿನ ನಾನು ರಜೆ ಹಾಕಿ, ಇಸ್ತ್ರಿ ಅಂಗಿ ತೊಟ್ಟು, ಪ್ಲಾಟ್‌ಫಾರ್ಮಿನಲ್ಲಿ ಅವಳ ಕುರ್ಚಿಯ ಹಿಂದೆ ನಿಂತಿದ್ದೆ. ಗಾಡಿ ಓಡಿಸುತ್ತಿದ್ದವನು ಬೇರೆ. ಆ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನ ಅಂಚಿಗೆ ನೆರಳಿನ ಚಾವಣಿ ಹೊತ್ತ ದಪ್ಪ ಕಂಬಗಳಿವೆ. ಗಾಡಿ ಸರಿಯಾಗಿ ನಿಂತರೆ ಅಗಲದ ಬಾಗಿಲು ಎರಡು ಕಂಬಗಳ ನಡುವೆ ಬರುತ್ತದೆ. ನೆಲದಲ್ಲಿ ಬಿಳಿ ಬಣ್ಣದ ಗಾಲಿಕುರ್ಚಿಯ ಚಿತ್ರವೂ ಅಲ್ಲಿದೆ. ಅಲ್ಲಿ ಕಬ್ಬಿಣದ ಹಲಗೆ ಹಾಸಿ ಕುರ್ಚಿಯನ್ನು ನೇರ ಒಳಗೆ ತಳ್ಳಬಹುದು. ಹಲಗೆ ಹಾಸುವವರು ನಮ್ಮ ಕಡೆಯವರೇ, ಬಂಟ್ವಾಳದ ಹತ್ತಿರದ ಒಬ್ಬ ಬ್ಯಾರಿ. ನನಗಿಂತ ಸ್ವಲ್ಪ ಚಿಕ್ಕ ಪ್ರಾಯ, ದೊಡ್ಡ ಮೀಸೆ, ಯಾರಿಗೂ ಬೇಡ ಎನ್ನಲು ಬಾರದ ಸ್ವಭಾವ.

"ಹೆದರ್ಬೇಡಿ ಅಕ್ಕ, ಕಣ್ಣು ಮುಚ್ಚಿ ಬಿಡುವುದರೊಳಗೆ ಒಳಗೆ ಇರ್ತೀರಿ," ಎಂದರು.

ಗಾಡಿ ಬಂತು, ಅಗಲದ ಬಾಗಿಲು ಬಿಳಿ ಚಿತ್ರವನ್ನು ದಾಟಿತು, ಇನ್ನೂ ಸ್ವಲ್ಪ ದಾಟಿತು, ನಿಂತಿತು. ಬಾಗಿಲು ಸರಿಯಾಗಿ ಕಂಬದ ಮುಖಕ್ಕೆ ಮುಖ ಕೊಟ್ಟು ತೆರೆದುಕೊಂಡಿತು. ಹಲಗೆ ಹಾಸಲು ಜಾಗವಿಲ್ಲ, ಕುರ್ಚಿ ತಿರುಗಿಸಲು ಎಡೆಯಿಲ್ಲ. ಹೊತ್ತು ಕಡಿಮೆ. ಒಳಗಿನಿಂದ ಇಬ್ಬರು ಪರೋಪಕಾರಿಗಳು ಧುಮುಕಿ, "ಯಲ್ಲಾ, ಯಲ್ಲಾ" ಎನ್ನುತ್ತಾ ಕುರ್ಚಿ ಸಮೇತ ಅವಳನ್ನು ಎತ್ತಿದರು. ಪಲ್ಲಕ್ಕಿಯಲ್ಲಿ ಕೂತವರ ಹಾಗೆ ಅವಳು ಜನರ ತಲೆಯ ಮಟ್ಟಕ್ಕೆ ಏರಿದಳು. ಕಿಟಕಿಗಳ ತುಂಬ ಮುಖಗಳು.

"ಇಳಿಸಿ," ಎಂದಳು.

"ಒಂದು ನಿಮಿಷ ಅಕ್ಕ, ಆಯ್ತು..." ಎಂದರು ಹಲಗೆಯವರು.

"ಇಳಿಸಿ ಅಂತ ಹೇಳಿದೆ ಅಲ್ಲ."

ಇಳಿಸಿದರು. ಗಾಡಿ ಹೋಯಿತು. ನಾನು ಏನೋ ಸಮಾಧಾನ ಹೇಳಲು ಬಗ್ಗಿದೆ. ಅವಳು ಹಳಿಯ ಕಡೆ ನೋಡುತ್ತಲೇ, "ಇಡೀ ಆಯುಷ್ಯ ಜನರನ್ನು ಎತ್ತಿದವಳು ನಾನು. ನನ್ನನ್ನು ಮೂಟೆ ಹಾಗೆ ಎತ್ತುದು ಬೇಡ. ದಮ್ಮಾಮಿಗೆ ನಾನು ನಡ್ಕೊಂಡು ಬರುವ ದಿನ ಬರ್ತೇನೆ. ಈಗ ಮನೆಗೆ ಹೋಗುವ," ಎಂದಳು.

ಮನೆಯಲ್ಲಿ ಅವಳ ಜೊತೆಗಿದ್ದ ಇನ್ನೊಬ್ಬ ನರ್ಸಿಗೆ ಅವಳನ್ನು ಒಪ್ಪಿಸಿ ನಾನೊಬ್ಬನೇ ಮುಂದಿನ ಗಾಡಿಯಲ್ಲಿ ಮರಳಿದೆ. ನಡೆದುಕೊಂಡು ಬರುವ ದಿನ ಎಂದರೆ ಯಾವ ದಿನ? ಅಷ್ಟರಲ್ಲಿ ನನ್ನ ಕೆಲಸ ಮುಗಿದು ದಮ್ಮಾಮಿನ ಮನೆಯೇ ಇರುವುದಿಲ್ಲ. ಈ ದೇಶದ ಕೊನೆಯ ಕಾಲವನ್ನೂ ಎರಡು ಊರುಗಳಲ್ಲಿ ಕೂತು ಫೋನಿನಲ್ಲಿ ಕೆಮ್ಮು ಕೇಳಿಸಿಕೊಂಡು ಕಳೆಯಬೇಕು. ಅವಳು ಗಾಡಿ ಹತ್ತಿದರೆ ಒಂದು ಮನೆ, ಹತ್ತದಿದ್ದರೆ ಇಲ್ಲ. ವಿಷಯ ಅಷ್ಟು ಸರಳವಾಗಿತ್ತು. ಹತ್ತಿಸುವುದಾದರೆ ಗಾಡಿ ಓಡಿಸುವವನು ನಾನೇ ಆಗಬೇಕು, ಬಾಗಿಲು ಎರಡು ಕಂಬಗಳ ನಡುವೆಯೇ ಬರಬೇಕು ಎಂದು ಮನಸ್ಸಿನಲ್ಲೇ ಪ್ರತಿಜ್ಞೆ ಮಾಡಿದೆ. ಪ್ರತಿಜ್ಞೆ ಮಾಡುವ ವಯಸ್ಸು ಮೀರಿದವರು ಅದನ್ನು ಸದ್ದಿಲ್ಲದೆ ಮಾಡುವುದು ಕ್ಷೇಮ.

ಹಲಗೆಯವರಿಗೆ ಮಾತ್ರ ಹೇಳಿದೆ. ಅವರಿಗೆ ಆ ದಿನದ ಘಟನೆಯಿಂದ ನನಗಿಂತ ಹೆಚ್ಚು ಸಂಕಟವಾಗಿತ್ತು.

"ನಾವು ಪ್ರಾಕ್ಟೀಸ್ ಮಾಡುವ ಸರ್," ಎಂದರು. "ನೀವು ಬರುವ ದಿನ ಎಲ್ಲ ನಾನು ಹಲಗೆ ಹಿಡ್ಕೊಂಡು ನಿಲ್ತೇನೆ. ಕುರ್ಚಿಯವರು ಇರ್ಲಿ, ಇಲ್ಲದಿರ್ಲಿ. ಬಾಗಿಲು ಸೀದಾ ನನ್ನ ಹೊಟ್ಟೆಯ ಎದುರು ಬರ್ಬೇಕು. ಆಗ ಅಕ್ಕನಿಗೆ ಹೇಳುವ."

ಹಾಗೆ ಶುರುವಾಯಿತು ನಮ್ಮ ತಾಲೀಮು. ರಿಯಾದಿನಿಂದ ಬರುವ ಮಧ್ಯಾಹ್ನದ ಗಾಡಿ ನನ್ನದು. ಪ್ಲಾಟ್‌ಫಾರ್ಮಿಗೆ ನುಗ್ಗುವಾಗ ದೂರದಲ್ಲಿ ಹಲಗೆಯ ಪಕ್ಕ ಅವರು ಸೆಟೆದು ನಿಂತಿರುವುದು ಕಾಣುತ್ತಿತ್ತು. ಅವರ ಮೀಸೆ ನನ್ನ ಕಿಟಕಿಯನ್ನು ದಾಟುವಾಗ ಗಾಡಿ ನಡೆಯುವ ಮನುಷ್ಯನ ವೇಗದಲ್ಲಿರಬೇಕು. ದಾಟಿದ ಕೂಡಲೇ ಕೊನೆಯ ಹಿಡಿತ, ಆಮೇಲೆ ಸಡಿಲ. ಮೊದಲ ದಿನವೇ ಬಾಗಿಲು ಬಹುತೇಕ ಸರಿಯಾಗಿ ಬಂತು. ಬಹುತೇಕ ಎಂದರೆ ಒಂದು ಗೇಣು ಮುಂದೆ. ಹಲಗೆಯವರು ಕಿಟಕಿಯ ಕಡೆ ಹೆಬ್ಬೆರಳು ಎತ್ತಿದರು. ಮುಂದಿನ ಸಲವೂ ಹಾಗೆಯೇ. ಅದರ ಮುಂದಿನ ಸಲ ಬಾಗಿಲು ಅವರ ಹೊಟ್ಟೆಗೆ ಎಷ್ಟು ನೇರ ಬಂತೆಂದರೆ, ಇಳಿಯುತ್ತಿದ್ದ ಒಬ್ಬ ಹಿರಿಯರು ಇವರನ್ನು ಸ್ವಾಗತಕ್ಕೆ ನಿಂತವರೆಂದು ತಿಳಿದು ಆಲಿಂಗಿಸಿಕೊಂಡರು.

ವಾರಗಳು ಕಳೆದವು. ದಿನವೂ ಹೆಬ್ಬೆರಳು. ನಾನು ನನ್ನ ಬಗ್ಗೆ ಉನ್ನತವಾದ ಅಭಿಪ್ರಾಯ ತಾಳತೊಡಗಿದೆ. ಫೋನಿನಲ್ಲಿ ಹೆಂಡತಿಗೆ ಸೂಚ್ಯವಾಗಿ ಹೇಳುತ್ತಿದ್ದೆ: "ಈಗ ಗಾಡಿ ತುಂಬಾ ಚೆನ್ನಾಗಿ ನಿಲ್ಲುತ್ತದೆ."

"ಒಳ್ಳೆಯದಾಯ್ತು, ನಿಲ್ಲಲಿ," ಎನ್ನುತ್ತಿದ್ದಳು ಅವಳು. ಗಾಡಿಯ ಆರೋಗ್ಯ ವಿಚಾರಿಸಿ ಮುಗಿಸಿದಂತಿತ್ತು ಧ್ವನಿ.

ಒಂದು ರಜೆಯ ದಿನ ಅವಳನ್ನು ನೋಡಲು ಪ್ರಯಾಣಿಕನಾಗಿ ಹೋಗಿ ಇಳಿದೆ. ಸ್ಟೇಷನ್ನಿನ ಮೇಲ್ವಿಚಾರಕರು ಆ ಊರಿನವರೇ, ತೋಬು ಎಂಬ ಬಿಳಿಯ ನಿಲುವಂಗಿಯ ಮೇಲೆ ಒಂದು ಸುಕ್ಕೂ ಇಲ್ಲದ, ಮುಖದಲ್ಲಿ ಒಂದು ನಗುವೂ ಇಲ್ಲದ ಸೌದಿ ಸಜ್ಜನ. ಅವರು ನನ್ನನ್ನು ಕೈಹಿಡಿದು ಪ್ಲಾಟ್‌ಫಾರ್ಮಿನ ಉದ್ದಕ್ಕೂ ನಡೆಸಿಕೊಂಡು ಹೋದರು. ಇಲ್ಲಿ ಗಂಡಸರು ಸ್ನೇಹದಿಂದ ಹೀಗೆ ಕೈಹಿಡಿದು ನಡೆಯುವುದುಂಟು. ಆದರೂ ನನಗೆ ಶಾಲೆಯ ಹೆಡ್‌ಮಾಸ್ಟರರ ನೆನಪಾಯಿತು.

"ನಿನ್ನ ಸ್ನೇಹಿತ ಹಲಗೆ ಇಟ್ಟುಕೊಂಡಿರುವ ಜಾಗ ನೋಡು," ಎಂದರು.

ಮರುದಿನದ ತಾಲೀಮಿಗೆಂದು ಹಲಗೆಯನ್ನು ಆಗಲೇ ಒರಗಿಸಿ ಇಡಲಾಗಿತ್ತು. ಕಂಬಕ್ಕೆ ಒರಗಿಸಿ. ಬಿಳಿ ಬಣ್ಣದ ಚಿತ್ರ ಎಲ್ಲೋ ಹಿಂದೆ ಉಳಿದಿತ್ತು. ಅಂದು ನನ್ನ ಹೆಂಡತಿಯನ್ನು ಯಾವ ಕಂಬದ ಎದುರು ಎತ್ತಿದ್ದರೋ ಅದೇ ಕಂಬ.

ಹಲಗೆಯವರನ್ನು ಕರೆಸಿದರು. ಅವರು ನಗುತ್ತಾ ಬಂದರು.

"ಇಲ್ಲಿ ಎಂತಕ್ಕೆ ನಿಲ್ಲುದು ನೀವು?" ಎಂದು ಕೇಳಿದೆ.

"ನೀವು ಇಲ್ಲಿ ತಂದು ನಿಲ್ಲಿಸ್ತೀರಲ್ಲ ಸರ್? ಮೊದಲ ದಿನ ಸ್ವಲ್ಪ ಮುಂದೆ ಬಂತು. ನಿಮ್ಮನ್ನು ಬೇಜಾರು ಮಾಡುದು ಬೇಡ ಅಂತ ಮಾರನೇ ಸಲ ನಾನೇ ಸ್ವಲ್ಪ ಮುಂದೆ ನಿಂತೆ."

"ನಾನು ನಿಮ್ಮನ್ನು ನೋಡಿ ಅಲ್ಲವಾ ಬ್ರೇಕ್ ಹಾಕುವುದು?"

"ಅಯ್ಯೋ! ನಾನು ನಿಮ್ಮನ್ನು ನೋಡಿ ಅಲ್ಲವಾ ನಿಲ್ಲುವುದು?"

ಮೇಲ್ವಿಚಾರಕರು ಏನೆಂದು ಕೇಳಿದರು. ನಾನು ಮುರುಕು ಅರಬ್ಬಿಯಲ್ಲಿ ಅನುವಾದಿಸಿದೆ. ಹಲಗೆಯವರು ಹಲಗೆಯನ್ನು ಹಿಂದಕ್ಕೆ ಎಳೆಯುವಂತಾಗದಿರಲಿ ಎಂದು ನಾನು ಪ್ರತಿದಿನ ಗಾಡಿಯನ್ನು ಒಂದು ಚೂರು ಹೆಚ್ಚು ಉರುಳಲು ಬಿಡುತ್ತಿದ್ದೆ. ನನಗೆ ಅವಮಾನವಾಗದಿರಲಿ ಎಂದು ಅವರು ಪ್ರತಿದಿನ ಒಂದು ಚೂರು ಮುಂದೆ ಸರಿಯುತ್ತಿದ್ದರು. ಮರುದಿನ ನಾನು ಸರಿದ ಅವರನ್ನು ನೋಡಿ ನಿಲ್ಲಿಸುತ್ತಿದ್ದೆ. ಫಲಕ ತನ್ನ ಜಾಗದಲ್ಲಿ ಒಬ್ಬಂಟಿಯಾಗಿ ನಿಂತೇ ಇತ್ತು. ನಮ್ಮಿಬ್ಬರಲ್ಲಿ ಯಾರೂ ಅದರ ಮುಖ ನೋಡಿರಲಿಲ್ಲ.

ಮೇಲ್ವಿಚಾರಕರು ಬಹಳ ಹೊತ್ತು ಕಂಬವನ್ನು ದಿಟ್ಟಿಸಿದರು. ಆಮೇಲೆ, "ಬರೆದು ಕಳಿಸುವಷ್ಟು ದೊಡ್ಡ ತಪ್ಪಲ್ಲ. ಆದರೆ ಯಾ ಶೇಖ್, ನೀವಿಬ್ಬರೂ ಇಷ್ಟೇ ಮರ್ಯಾದೆಯಿಂದ ಮುಂದುವರಿದರೆ ಈ ಗಾಡಿ ಹೊರಡುವ ಅಗತ್ಯವೇ ಬೀಳುವುದಿಲ್ಲ. ಇಲ್ಲಿ ನಿಲ್ಲುತ್ತಾ ನಿಲ್ಲುತ್ತಾ ದಮ್ಮಾಮ್ ಮುಟ್ಟುತ್ತೀರಿ," ಎಂದರು. ಆಗಲೂ ನಗಲಿಲ್ಲ. ನಮ್ಮಿಬ್ಬರಿಗೂ ಏಲಕ್ಕಿ ಹಾಕಿದ ಕಾಫಿ ತರಿಸಿದರು.

ಅಂದು ಮಧ್ಯಾಹ್ನ ಹೆಂಡತಿಯ ಮನೆಯಲ್ಲಿ ಊಟಕ್ಕೆ ಕೂತಾಗ ನನ್ನ ಮುಖ ನೋಡಿ ಅವಳು, "ಎಂತ ಆಯ್ತು?" ಎಂದಳು. ಅವಳಿಗೆ ಗೊತ್ತಾಗದಂತೆ ನಡೆಸಿದ ತಾಲೀಮು ಅದು. ಈಗ ಮುಚ್ಚಿಡಲು ಉಳಿದದ್ದು ಏನೂ ಇಲ್ಲವಾದ್ದರಿಂದ ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಆದಷ್ಟು ಗಾಂಭೀರ್ಯದಿಂದಲೇ ಹೇಳಿದೆ. ಹಿರಿಯರ ಆಲಿಂಗನದವರೆಗೆ ಅವಳು ಸುಮ್ಮನಿದ್ದಳು. ಕಂಬಕ್ಕೆ ಒರಗಿಸಿದ ಹಲಗೆಯ ಹತ್ತಿರ ಬಂದಾಗ ಅವಳ ಭುಜ ಅಲುಗಿತು. "ನಾನು ನಿಮ್ಮನ್ನು ನೋಡಿ ಅಲ್ಲವಾ ನಿಲ್ಲುವುದು" ಎಂಬಲ್ಲಿ ಅವಳು ತಟ್ಟೆಯನ್ನು ಪಕ್ಕಕ್ಕಿಟ್ಟು ನಕ್ಕಳು. ಆಪರೇಷನ್ ಆದ ಮೇಲೆ ಅವಳು ಹಾಗೆ ನಕ್ಕದ್ದು ಅದೇ ಮೊದಲು. ಸೊಂಟ ನೋಯುತ್ತದೆಂದು ಕೈಯಿಂದ ಒತ್ತಿ ಹಿಡಿದುಕೊಂಡು ನಕ್ಕಳು, ಕಣ್ಣು ಒರೆಸಿಕೊಂಡಳು, ಮತ್ತೆ ನಕ್ಕಳು.

"ಇದು ನಾವೇ ಅಲ್ವಾ ಮಾರಾಯ್ರೆ," ಎಂದಳು ಕೊನೆಗೆ. "ನೆನಪುಂಟಾ? ನಿಮ್ಮ ರಜೆಗೆ ಸರಿಯಾಗ್ಲಿ ಅಂತ ನಾನು ಡ್ಯೂಟಿ ಬದಲು ಮಾಡಿಕೊಂಡದ್ದು. ನನ್ನ ರಜೆಗೆ ಸರಿಯಾಗ್ಲಿ ಅಂತ ನೀವು ಬದಲು ಮಾಡಿಕೊಂಡದ್ದು. ನೀವು ಇಲ್ಲಿಗೆ ಬಂದು ಕೂತಾಗ ನಾನು ವಾರ್ಡಿನಲ್ಲಿ."

"ನೆನಪಿದೆ. ಅನ್ನ ನಾನೇ ಮಾಡಿಕೊಂಡೆ."

"ಸೀದು ಹೋಗಿತ್ತು."

"ಸ್ವಲ್ಪ."

ಅವಳು ಕಿಟಕಿಯಾಚೆ ನೋಡಿದಳು. ಎದುರಿನ ಮಹಡಿಯಲ್ಲಿ ಯಾರೋ ಬಟ್ಟೆ ಒಣಗಿಸುತ್ತಿದ್ದರು. "ಎಷ್ಟು ದಿನದಿಂದ ಮಾಡ್ತಿದ್ದೀರಿ ಇದನ್ನು?" ಎಂದು ಕೇಳಿದಳು.

"ನೀನು 'ಇಳಿಸಿ' ಅಂದ ವಾರದಿಂದ."

ಅವಳು ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡು ಊಟ ಮುಗಿಸಿದಳು. ನಾನು ಹೊರಡುವಾಗ ಕುರ್ಚಿಯನ್ನು ಬಾಗಿಲ ತನಕ ತಾನೇ ಉರುಳಿಸಿಕೊಂಡು ಬಂದು, "ಒಂದು ಸಲ ನೋಡುವ. ಒಂದೇ ಸಲ. ಕಂಬದ ಎದುರು ಬಂದ್ರೆ ನಾನು ಹಾಗೇ ತಿರುಗಿ ಮನೆಗೆ ಬರುದು, ಆಮೇಲೆ ಆ ಸುದ್ದಿ ಎತ್ತಬಾರ್ದು. ಸರಿ ನಿಂತ್ರೆ ದಮ್ಮಾಮಿನಲ್ಲಿ ಒಂದು ದಿನ ಇದ್ದು ವಾಪಸ್ಸು ಬರ್ತೇನೆ," ಎಂದಳು.

ಹೊಸ ಕರಾರು ಹಲಗೆಯವರೊಂದಿಗೆ ಆಯಿತು. ಇನ್ನು ಮೇಲೆ ಯಾರೂ ಯಾರಿಗೂ ಮರ್ಯಾದೆ ಕೊಡಬಾರದು. ಅವರು ಬಿಳಿ ಚಿತ್ರದ ಮೇಲೆಯೇ ನಿಲ್ಲಬೇಕು, ಗಾಡಿ ಎಲ್ಲಿಗೆ ಹೋದರೂ ಕದಲಬಾರದು. ನಾನು ಫಲಕವನ್ನು ಮಾತ್ರ ನೋಡಬೇಕು.

"ನನ್ನ ಮೇಲೆ ನನಗೇ ನಂಬಿಕೆ ಇಲ್ಲ ಸರ್," ಎಂದರು ಅವರು. "ನೀವು ಬರುದು ಕಂಡ್ರೆ ಕಾಲು ತನ್ನಿಂದ ತಾನೇ ಹೋಗ್ತದೆ. ನಾನು ಗಾಡಿಗೆ ಬೆನ್ನು ಹಾಕಿ ನಿಲ್ತೇನೆ."

ಹಾಗೆಯೇ ನಿಂತರು. ಮುಂದಿನ ಕೆಲವು ಓಟಗಳಲ್ಲಿ ನಾನು ಸ್ಟೇಷನ್ನಿಗೆ ಬರುವಾಗ ಹಲಗೆಯ ಪಕ್ಕ ಒಂದು ವಿಶಾಲವಾದ ಬೆನ್ನು ಕಾಣುತ್ತಿತ್ತು. ಮುನಿಸಿಕೊಂಡ ಮನುಷ್ಯನ ಬೆನ್ನು. ಬಾಗಿಲು ಪ್ರತಿಸಲ ಕಂಬಗಳ ನಡುವೆ ಬಂತು. ಆದರೆ ಅದೆಲ್ಲ ಖಾಲಿ ಪ್ಲಾಟ್‌ಫಾರ್ಮಿನ ಶೌರ್ಯ.

ಅವಳು ಬರುವೆನೆಂದ ದಿನ ಗಾಳಿ ಎದ್ದಿತ್ತು. ರಿಯಾದ್ ಬಿಟ್ಟ ಸ್ವಲ್ಪ ಹೊತ್ತಿಗೇ ಆಕಾಶ ಹಳದಿಯಾಯಿತು. ಹಳಿಯ ಮೇಲೆ ಮರಳು ಹಾವಿನ ಹಾಗೆ ಅಡ್ಡ ಹರಿಯುತ್ತಿತ್ತು. ಇಂಥ ದಿನ ಚಕ್ರ ಹಿಡಿತಕ್ಕೆ ಸಿಗದೆ ಜಾರುವುದುಂಟು. ಗಾಡಿ ತುಂಬಿತ್ತು. ನಾಳೆ ಬಾ ಎಂದು ಅವಳಿಗೆ ಹೇಳಿಬಿಡಲೇ ಎಂದು ಒಂದು ಕ್ಷಣ ಅನಿಸಿತು. ಓಡಿಸುವಾಗ ಫೋನು ಮುಟ್ಟುವಂತಿಲ್ಲ ಎಂಬ ನಿಯಮ ನನ್ನ ಧೈರ್ಯವನ್ನು ಕಾಪಾಡಿತು.

ಮೊದಲ ತೋಟ ಕಾಣುವುದಕ್ಕಿಂತ ಎಷ್ಟೋ ಮೊದಲೇ ಹಿಡಿತ ಶುರು ಮಾಡಿದೆ. ಸಣ್ಣ ಹಿಡಿತ, ಬಿಡು, ಮತ್ತೆ ಸಣ್ಣ ಹಿಡಿತ. ಚಕ್ರ ಒಮ್ಮೆ ಜಾರಿತು. ಪೂರ್ತಿ ಸಡಿಲಿಸಿ ಪುನಃ ಹಿಡಿದೆ. ಪ್ಲಾಟ್‌ಫಾರ್ಮಿನ ತುದಿ ಬಂತು. ಚಾವಣಿಯ ಕಂಬಗಳು ಒಂದೊಂದಾಗಿ ಹಿಂದಕ್ಕೆ ಸರಿಯತೊಡಗಿದವು. ದೂರದಲ್ಲಿ ಆ ಬೆನ್ನು. ಬೆನ್ನಿನ ಪಕ್ಕದಲ್ಲಿ ನೀಲಿ ಬಣ್ಣದ ಏನೋ ಒಂದು.

ಅದು ಅವಳ ಸೀರೆಯೋ ಶಾಲೋ ನನಗೆ ತಿಳಿಯಲಿಲ್ಲ. ನಾನು ನೋಡಲಿಲ್ಲ. ನೋಡಬಾರದಿತ್ತು. ಇಷ್ಟು ವರ್ಷಗಳಲ್ಲಿ ನಾನು ಗಾಡಿ ತಂದು ನಿಲ್ಲಿಸುವಾಗ ಅವಳು ಪ್ಲಾಟ್‌ಫಾರ್ಮಿನಲ್ಲಿದ್ದದ್ದು ಇದೇ ಮೊದಲು. ನನ್ನ ಕುತ್ತಿಗೆ ಆ ಕಡೆ ತಿರುಗಲು ಹಟ ಮಾಡುತ್ತಿತ್ತು. ಅವಳು ಕೈ ಬೀಸುತ್ತಿರಬಹುದು. ಮರಳಿಗೆ ಕಣ್ಣು ಮುಚ್ಚಿಕೊಂಡಿರಬಹುದು. ಹೆದರಿರಬಹುದು. ಹೆದರಿದ್ದು ಕಂಡರೆ ನನ್ನ ಕೈ ಬೇಗ ಹಿಡಿಯುತ್ತದೆ, ನಕ್ಕದ್ದು ಕಂಡರೆ ತಡವಾಗಿ. ಧೂಳಿನಲ್ಲಿ ಮಸುಕಾಗಿದ್ದ ಆ ಫಲಕಕ್ಕೆ ಕಣ್ಣು ನೆಟ್ಟೆ. ನೀಲಿ ಬಣ್ಣ ಕಿಟಕಿಯ ಅಂಚಿನಲ್ಲಿ ನಡೆಯುವ ವೇಗದಲ್ಲಿ ಹಾದುಹೋಯಿತು. ಅವಳ ಮುಖದಿಂದ ನನ್ನ ಮುಖಕ್ಕೆ ಒಂದು ಮಾರು ಅಂತರವಿದ್ದಿರಬಹುದು. ಕೊ‌ನೆಯ ಹಿಡಿತ. ಮತ್ತೆ, ಎಂದಿಗಿಂತ ಸ್ವಲ್ಪ ಬೇಗನೆ, ಸಡಿಲಿಸಿ ಬಿಟ್ಟುಬಿಟ್ಟೆ. ಇನ್ನು ಗಾಡಿಯುಂಟು, ಮರಳುಂಟು.

ಫಲಕ ಕಿಟಕಿಯ ನೇರಕ್ಕೆ ಬಂದು ನಿಂತಿತು.

ನಾನು ಕೋಣೆ ಬಿಟ್ಟು ಇಳಿಯುವಂತಿಲ್ಲ. ಹೊರಗಿನ ಕನ್ನಡಿಯಲ್ಲಿ ಹಿಂದೆ ನೋಡಿದೆ. ಬಾಗಿಲು ತೆರೆದಿತ್ತು. ಒಂದು ಕಂಬ ಈಚೆ, ಒಂದು ಕಂಬ ಆಚೆ. ಬೆನ್ನು ತಿರುಗಿ ಮೀಸೆಯಾಯಿತು. ಬಾಗಿಲನ್ನು ಕಂಡು ಎರಡೂ ಕೈ ಮೇಲೆತ್ತಿತು. ಹಲಗೆ ಚಪ್ಪಟೆಯಾಗಿ ಬಿತ್ತು. ಹಲಗೆಯವರು ಕುರ್ಚಿಯ ಹಿಂದೆ ಹೋದರು. ಅವಳು ಕೈಯಾಡಿಸಿ ಅವರನ್ನು ದೂರ ಸರಿಸಿದಳು. ತಾನೇ ಗಾಲಿ ಹಿಡಿದು, ಒಂದು ಸಲ ನೂಕಿ, ಇನ್ನೊಂದು ಸಲ ನೂಕಿ, ಹಲಗೆ ದಾಟಿ ಒಳಗೆ ಹೋದಳು. ಕನ್ನಡಿ ಮಸುಕಾಗಿತ್ತು. ಧೂಳು ಬಹಳವಿತ್ತು ಅಂದು.

ಬಾಗಿಲು ಮುಚ್ಚಬೇಕಿತ್ತು, ಮುಚ್ಚಲಿಲ್ಲ. ಹಲಗೆಯೂ ಏಳಲಿಲ್ಲ. ಹಲಗೆಯವರು ಕಂಬದ ಹಿಂದೆ ಹೋಗಿ ಒಂದು ದೊಡ್ಡ ಸೂಟ್‌ಕೇಸ್ ಉರುಳಿಸಿಕೊಂಡು ಬಂದರು. ಅದನ್ನು ಒಳಗಿಟ್ಟು ಇನ್ನೊಂದು ತಂದರು. ಆಮೇಲೆ ಹಗ್ಗ ಕಟ್ಟಿದ ಒಂದು ರಟ್ಟಿನ ಪೆಟ್ಟಿಗೆ; ಅದರ ಬಾಯಿಂದ ಕುಕ್ಕರಿನ ಹಿಡಿ ಹೊರಗೆ ಇಣುಕುತ್ತಿತ್ತು. ಮೇಲ್ವಿಚಾರಕರು ಕೈಗಡಿಯಾರ ನೋಡಿಕೊಂಡು ಅತ್ತ ನಡೆದು ಬಂದರು, ನಿಂತು ನೋಡಿದರು, ಆಮೇಲೆ ಬಗ್ಗಿ ಇನ್ನೊಂದು ಪೆಟ್ಟಿಗೆಯ ಒಂದು ಬದಿಯನ್ನು ಹಿಡಿದುಕೊಂಡರು.

ಒಂದು ದಿನ ಇದ್ದು ವಾಪಸ್ಸು ಹೋಗುವವರು ಕುಕ್ಕರ್ ತರುವುದಿಲ್ಲ.

ರೇಡಿಯೋದಲ್ಲಿ ಕಂಟ್ರೋಲಿನವರ ಧ್ವನಿ ಬಂತು. "ಯಾಕೆ ಇನ್ನೂ ಹೊರಟಿಲ್ಲ?"

"ಸಾಮಾನು ಹತ್ತುತ್ತಿದೆ," ಎಂದೆ.

"ಎಂಥ ಸಾಮಾನು?"

ನಾನು ಕನ್ನಡಿ ನೋಡಿದೆ. ಹಲಗೆಯವರು ಕೊನೆಯ ಸಲ ಬರುತ್ತಿದ್ದರು. ಪೇಂಟಿನ ಹಳೆಯ ಡಬ್ಬಿಯಲ್ಲಿ ನೆಟ್ಟ ಕರಿಬೇವಿನ ಗಿಡವನ್ನು ಎದೆಗೆ ಒತ್ತಿ ಹಿಡಿದು, ಗಾಳಿಗೆ ಮೈ ಅಡ್ಡ ಕೊಟ್ಟು ನಡೆಯುತ್ತಿದ್ದರು.

"ಒಂದು ಮನೆ," ಎಂದೆ.

ಕಂಟ್ರೋಲಿನವರು ಆದಷ್ಟು ಬೇಗ ಹೊರಡುವಂತೆ ಸೂಚಿಸಿದರು. ಹಲಗೆ ಎದ್ದಿತು, ಬಾಗಿಲು ಮುಚ್ಚಿತು, ದೀಪ ಹಸಿರಾಯಿತು. ನಾನು ನನ್ನ ವೃತ್ತಿಯಲ್ಲಿ ಎಂದೂ ಹೊರಡದಷ್ಟು ಮೆಲ್ಲನೆ ಹೊರಟೆ.

ದಮ್ಮಾಮಿನಲ್ಲಿ ಎಲ್ಲರೂ ಇಳಿದ ಮೇಲೆ ಕೋಣೆಗೆ ಬೀಗ ಹಾಕಿ ಮೊದಲ ಬೋಗಿಗೆ ಹೋದೆ. ಅವಳು ಸಾಮಾನುಗಳ ನಡುವೆ, ಗಿಡವನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ತಲೆಯ ಮೇಲೆ, ಹುಬ್ಬಿನ ಮೇಲೆ ಮರಳು. ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು.

"ನಾನು ಅಷ್ಟು ಹತ್ತಿರ ಕೂತಿದ್ದೆ, ಒಂದು ಸಲ ತಿರುಗಿ ಸಹ ನೋಡ್ಲಿಲ್ಲ ನೀವು."

"ನೋಡಿದ್ದರೆ ಕಂಬದ ಎದುರು ನಿಲ್ಲುತ್ತಿತ್ತು."

ಅದನ್ನು ಅವಳು ಸ್ವಲ್ಪ ಹೊತ್ತು ಮನಸ್ಸಿನಲ್ಲಿ ತೂಗಿದಳು.

"ನಿಲ್ಲಿಸಿದ್ದು ಸರಿ ಉಂಟು," ಎಂದು ತೀರ್ಪು ಕೊಟ್ಟಳು. "ಹೊರಡುವಾಗ ಎಂತ ಅಷ್ಟು ನಿಧಾನ? ಹಿಂದಿನ ಸೀಟಿನವರು ಇಂಜಿನ್ ಕೆಟ್ಟಿದೆ ಅಂತ ಹೇಳ್ತಿದ್ರು. ನನಗೆ ನಾಚಿಕೆ ಆಯ್ತು, ಓಡಿಸುವವರು ಯಾರು ಅಂತ ನಾನು ಬಾಯಿ ಬಿಡ್ಲಿಲ್ಲ."

ಗಿಡವನ್ನು ಎತ್ತಿ ನನ್ನ ಕೈಗೆ ಕೊಟ್ಟಳು. ನಾನು ಅದನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯನ್ನು ಕುರ್ಚಿಯ ಹಿಡಿಯ ಮೇಲಿಟ್ಟೆ. ತಳ್ಳಲಿಲ್ಲ. ಗಾಲಿ ತಿರುಗಿಸಿದವಳು ಅವಳೇ.